ಕೊಟ್ಟ ಅಂಗಾಂಶಕ್ಕೂ ಬೇಕು ಖಾತೆ

ಲಿಂಗೈಕ್ಯರಾದವರ ದೇಹವನ್ನು ವಿಭೂತಿ, ಪತ್ರೆಗಳೊಡನೆ ಸಮಾಧಿಯಲ್ಲಿರಿಸಿ ಮಣ್ಣಿಗೊಪ್ಪಿಸುವುದು ನಮ್ಮ ಪದ್ಧತಿ. ಆ ಕ್ರಿಯೆ ಜರುಗುವುದು ಒಂದೇ ಸಲ. ಇಂಗ್ಲೆಂಡಿನ ಲಿವರ್‌ಪೂಲ್ ನಗರದ ಕೆಲವು ತಾಯಿತಂದೆಯರಿಗೆ ಮಾತ್ರ ತಮ್ಮ ಒಂದೇ ಮಗುವಿನ ಅಂತ್ಯಕ್ರಿಯೆಯನ್ನು ಎರಡು ಸಲ, ಮೂರು ಸಲ ನೆರವೇರಿಸುವ ದುರ್ದೈವ ಒದಗಿತು.

ಅದು ನಡೆದ ಬಗೆ ಹೀಗೆ. ಬ್ರಿಸ್ಟಲ್ ನಗರದ ಆಸ್ಪತ್ರೆಯೊಂದರಲ್ಲಿ ಮಕ್ಕಳಿಗೆ ನಡೆದ ಹೃದಯ ಶಸ್ತ್ರಚಿಕಿತ್ಸೆಗಳ ಕುರಿತು ಸರ್ಕಾರಿ ವಿಚಾರಣೆ ನಡೆಯುತ್ತಿತ್ತು. 1999ರಲ್ಲಿ ಅಲ್ಲಿ ಸಾಕ್ಷ್ಯ ನುಡಿದ ವೈದ್ಯರೊಬ್ಬರು, ಲಿವರ್‌ಪೂಲಿನ ಆಲ್ಡರ್ ಹೇ ಮಕ್ಕಳ ಆಸ್ಪತ್ರೆಯಲ್ಲಿ ಹೃದಯಗಳ ದೊಡ್ಡ ಸಂಗ್ರಹವೊಂದಿದೆ ಎಂದರು. ಹುಡುಕಿದಾಗ ಹೃದಯಗಳಷ್ಟೇ ಅಲ್ಲ, ಸುಮಾರು 850 ಶಿಶುಗಳ ದೇಹಭಾಗಗಳನ್ನು ತುಂಬಿದ್ದ ಎರಡು ಸಾವಿರಕ್ಕೂ ಹೆಚ್ಚು ಜಾಡಿಗಳು ಸಿಕ್ಕವು. 1988ರಿಂದ 1995ರವರೆಗೆ ಅಲ್ಲಿದ್ದ ರೋಗಶಾಸ್ತ್ರಜ್ಞರೊಬ್ಬರು, ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಅಂಗಗಳನ್ನೆಲ್ಲ ಹೆತ್ತವರಿಗೆ ತಿಳಿಸದೆ ಉಳಿಸಿಕೊಳ್ಳುವಂತೆ ಆದೇಶಿಸಿದ್ದರೆಂದು 2001ರ ತನಿಖಾ ವರದಿ ಬಯಲಿಗಿಟ್ಟಿತು. ಅವುಗಳಲ್ಲಿ ಬಹುಪಾಲು ಯಾವ ಅಧ್ಯಯನಕ್ಕೂ ಬಳಕೆಯಾಗದೆ ಹಾಗೆಯೇ ಬಿದ್ದಿದ್ದವು. ಅಂಗಗಳು ಒಂದೊಂದಾಗಿ ಹಿಂದಿರುಗಿದಂತೆಲ್ಲ ಹೆತ್ತವರು ಮತ್ತೆ ಮತ್ತೆ ಸ್ಮಶಾನಕ್ಕೆ ನಡೆದರು.

ಕೇಳಿ ಪಡೆದಿದ್ದರೆ ಅವರಲ್ಲಿ ಅನೇಕರು ಮನಃಪೂರ್ವಕವಾಗಿ ಕೊಡುತ್ತಿದ್ದರೇನೋ. ಕೇಳಲಿಲ್ಲವೆಂಬುದೇ ಅವರ ಸಂಕಟ. ಈ ಪ್ರಕರಣದ ಪರಿಣಾಮವಾಗಿ ಬ್ರಿಟನ್ನಿನಲ್ಲಿ 2004ರ ಮಾನವ ಅಂಗಾಂಶ ಅಧಿನಿಯಮ ಬಂತು. ಸಮ್ಮತಿಯೇ ಅದರ ಬುನಾದಿ. ಸಂಶೋಧನೆಗಾಗಿ ಅಂಗಾಂಶ ಸಂಗ್ರಹಿಸಿಡುವ ಸಂಸ್ಥೆಗಳು ಪರವಾನಗಿ ಪಡೆದು, ಪ್ರತಿಯೊಂದು ಮಾದರಿಯ ಲೆಕ್ಕವನ್ನಿಟ್ಟು, ತಪಾಸಣೆಗೆ ಒಳಪಡಬೇಕಾಯಿತು.

ಆದರೆ ಆಯಾ ಸಂಸ್ಥೆ ತನ್ನ ಲೆಕ್ಕವನ್ನು ತಾನು ಇಟ್ಟುಕೊಂಡರೆ ಸಾಲದು. ಒಂದು ಊರಿನ ಪ್ರಯೋಗಾಲಯದ ಶೈತ್ಯಪೆಟ್ಟಿಗೆಯಲ್ಲಿ ಅಪರೂಪದ ಕಾಯಿಲೆಯ ಹತ್ತಾರು ಮಾದರಿಗಳಿರುತ್ತವೆ. ಇನ್ನೊಂದು ಊರಿನ ವಿಜ್ಞಾನಿ ಅಂಥವೇ ಮಾದರಿಗಳಿಗಾಗಿ ಹೊಸದಾಗಿ ರೋಗಿಗಳನ್ನು ಅರಸುತ್ತಿರುತ್ತಾನೆ. ಹೀಗಾಗಬಾರದೆಂದು ಅಲ್ಲಿ ರಾಷ್ಟ್ರಮಟ್ಟದ ಅಂಗಾಂಶ ಸೂಚಿಯೊಂದನ್ನು ರೂಪಿಸಿದರು. ಯಾವ ಸಂಗ್ರಹದಲ್ಲಿ ಯಾವ ಕಾಯಿಲೆಯ, ಯಾವ ಬಗೆಯ ಮಾದರಿಗಳಿವೆ ಎಂಬುದು ಅದರಲ್ಲಿ ದೊರೆಯುತ್ತದೆ. ಮಠದ ದಾಸೋಹಕ್ಕೆ ಭಕ್ತರು ತಂದ ಒಂದು ಚೀಲ ಜೋಳವೂ ಖಾತೆ ಪುಸ್ತಕದಲ್ಲಿ ನಮೂದಾಗುತ್ತದಲ್ಲವೇ? ಇದೂ ಹಾಗೆಯೇ. ಅಂತರವಿಷ್ಟೇ: ಇಲ್ಲಿ ಕೊಟ್ಟವರ ಹೆಸರು, ಊರುಗಳನ್ನು ಬರೆಯುವುದಿಲ್ಲ. ಸಂಗ್ರಹದ ವಿವರವಷ್ಟೇ ಬಹಿರಂಗ, ವ್ಯಕ್ತಿಯ ಗುರುತು ಗುಪ್ತ.

ನಮೂದಾದ ಜೋಳವೂ ನುಸಿ ಹಿಡಿದರೆ ಅಡುಗೆಗೆ ಬಾರದು. ಅಂಗಾಂಶಕ್ಕೂ ಈ ಮಾತು ಸಲ್ಲುತ್ತದೆ. ಮಧುಮೇಹಿಗಳಿಗೆ ಪರಿಚಿತವಾದ ನಿದರ್ಶನವನ್ನೇ ನೋಡೋಣ. ತೆಗೆದ ರಕ್ತವನ್ನು ಹಾಗೆಯೇ ಬಿಟ್ಟರೆ ಅದರೊಳಗಿನ ಜೀವಕೋಶಗಳು ಸಕ್ಕರೆಯನ್ನು ಬಳಸುತ್ತಲೇ ಇರುತ್ತವೆ; ಕೋಣೆಯ ಉಷ್ಣತೆಯಲ್ಲಿ ಗಂಟೆಗೆ ಶೇಕಡಾ 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ಮೂರು ಗಂಟೆ ತಡವಾದರೆ ಕಾಯಿಲೆಯುಳ್ಳವನೂ ಆರೋಗ್ಯವಂತನಂತೆ ತೋರಬಹುದು. ಸ್ತನ ಕ್ಯಾನ್ಸರಿನ ಗಡ್ಡೆಯ ವಿಷಯದಲ್ಲಿ ಅಪಾಯ ಇನ್ನೂ ದೊಡ್ಡದು. ಹೊರತೆಗೆದ ತುಣುಕನ್ನು ಒಂದು ಗಂಟೆಯೊಳಗೆ ಫಾರ್ಮಲಿನ್ನಿನಲ್ಲಿ ಮುಳುಗಿಸಬೇಕು, 6 ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆ ಮೀರದಂತೆ ಅದರಲ್ಲಿಡಬೇಕು ಎಂಬುದು ಅಂತರರಾಷ್ಟ್ರೀಯವಾಗಿ ಮಾನ್ಯವಾದ ಕ್ರಮ. ಇದು ತಪ್ಪಿದರೆ ಕೋಶಗಳಲ್ಲಿ ಹಾರ್ಮೋನುಗ್ರಾಹಿಗಳು ಇದ್ದರೂ ಇಲ್ಲವೆಂಬ ಫಲಿತಾಂಶ ಬರಬಹುದು. ಆಕೆಗೆ ಫಲಕಾರಿಯಾಗಬಲ್ಲ ಔಷಧಿ ಕೈತಪ್ಪಬಹುದು.

ಆದ್ದರಿಂದ ಮಾದರಿಯ ಜೊತೆಗೆ ಅದರ ಚರಿತ್ರೆಯೂ ಇರಬೇಕು: ದೇಹದಿಂದ ಯಾವಾಗ ತೆಗೆದರು, ಎಷ್ಟು ಹೊತ್ತು ಹೊರಗಿತ್ತು, ಯಾವ ದ್ರವದಲ್ಲಿಟ್ಟರು, ಮೈನಸ್ 80 ಡಿಗ್ರಿಯ ಶೈತ್ಯಪೆಟ್ಟಿಗೆಯಲ್ಲಿತ್ತೋ ಅದಕ್ಕಿಂತಲೂ ತಣ್ಣನೆಯ ದ್ರವ ಸಾರಜನಕದಲ್ಲಿತ್ತೋ, ಎಷ್ಟು ಸಲ ಕರಗಿಸಿ ಮರಳಿ ಹೆಪ್ಪುಗಟ್ಟಿಸಿದರು. ಇವನ್ನೆಲ್ಲ ಎಲ್ಲೆಡೆಯೂ ಒಂದೇ ಬಗೆಯ ಸಂಕೇತಗಳಲ್ಲಿ ದಾಖಲಿಸುವ ವಿಧಾನಗಳು ಈಗ ಬಳಕೆಯಲ್ಲಿವೆ. ಬಯೋಬ್ಯಾಂಕುಗಳಿಗೆಂದೇ ಐಎಸ್‌ಓ 20387 ಎಂಬ ಅಂತರರಾಷ್ಟ್ರೀಯ ಮಾನಕ 2018ರಲ್ಲಿ ಪ್ರಕಟವಾಗಿದೆ. ಬೇಸರದ ಗುಮಾಸ್ತಗಿರಿಯೆಂದು ಇದನ್ನು ಹಗುರಾಗಿ ಕಾಣುವವರು ವಿಜ್ಞಾನಿಗಳಲ್ಲೂ ಇದ್ದಾರೆ. ನನಗಂತೂ ಇದು ಕಾಯಕವಾಗಿಯೇ ಕಾಣುತ್ತದೆ.

ನಮ್ಮ ನಾಡಿಗೂ ಇದು ದೂರದ ವಿಷಯವಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ 1995ರಿಂದ ಮಾನವ ಮಿದುಳು ಅಂಗಾಂಶ ಭಂಡಾರವೊಂದಿದೆ. ಬಂಧುಗಳ ಸಮ್ಮತಿಯಿಂದ ಪಡೆದ ಮಿದುಳುಗಳನ್ನು ಕ್ರಮಬದ್ಧವಾಗಿ ಸಂರಕ್ಷಿಸಿ ಸಂಶೋಧಕರಿಗೆ ಒದಗಿಸುವುದು ಅದರ ಕೆಲಸ. ಭಾರತದಲ್ಲಿ 1994ರ ಅಂಗಾಂಗ ಕಸಿ ಕಾಯಿದೆಯಿರುವುದು ಚಿಕಿತ್ಸೆಗಾಗಿ; ಸಂಶೋಧನೆಯ ಸಂಗ್ರಹಗಳ ವಿಷಯದಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಯೇ ಆಧಾರ. ಅದರ ಪ್ರಕಾರ ಮಾದರಿ ಕೊಟ್ಟವರದ್ದೇ, ಸಂಸ್ಥೆ ಅದರ ಪಾಲಕ ಮಾತ್ರ. ಮಾರ್ಗಸೂಚಿ ಒಳ್ಳೆಯದೇ. ಆದರೆ ಪರವಾನಗಿ, ತಪಾಸಣೆಗಳ ಕಟ್ಟುಪಾಡು ಶಾಸನಕ್ಕಿರುವಷ್ಟು ಮಾರ್ಗಸೂಚಿಗಿಲ್ಲ.

ಶಸ್ತ್ರಚಿಕಿತ್ಸೆಯ ಮುನ್ನ ಆಸ್ಪತ್ರೆಯವರು ನೀಡುವ ಕಾಗದಗಳ ಕಟ್ಟಿನಲ್ಲಿ ಸಂಶೋಧನೆಗೆ ಅಂಗಾಂಶ ಬಳಸುವ ಸಮ್ಮತಿಪತ್ರವೂ ಇರಬಹುದು. ಅದಕ್ಕೆ ಒಪ್ಪದಿದ್ದರೂ ಚಿಕಿತ್ಸೆಗೆ ಅಡ್ಡಿಯಾಗಬಾರದು. ಈ ಒಂದು ಅಧ್ಯಯನಕ್ಕೆ ಮಾತ್ರವೋ, ಮುಂದಿನವುಗಳಿಗೂ ಸೇರಿಯೋ ಎಂದು ಆರಿಸಿಕೊಳ್ಳಲು ಕೆಲವು ಪತ್ರಗಳಲ್ಲಿ ಅವಕಾಶವಿರುತ್ತದೆ. ಮಾದರಿಯನ್ನು ಎಲ್ಲಿ ಇಡುತ್ತೀರಿ, ಮನಸ್ಸು ಬದಲಾದರೆ ಯಾರನ್ನು ಕಾಣಬೇಕು, ಉಳಿದ ಭಾಗವನ್ನು ಏನು ಮಾಡುತ್ತೀರಿ ಎಂದು ಸಹಿಗೆ ಮುನ್ನ ಸಂಕೋಚವಿಲ್ಲದೆ ಕೇಳಿ. ಗುರುತನ್ನು ಪೂರ್ತಿ ಅಳಿಸಿದ ಮೇಲೆ ಮಾದರಿಯನ್ನು ಹಿಂಪಡೆಯಲಾಗದು. ಅದನ್ನೂ ಅವರು ಮೊದಲೇ ತಿಳಿಸಬೇಕು. ಮಿದುಳುದಾನದ ಇಚ್ಛೆಯಿದ್ದವರು ಮನೆಯವರಿಗೆ ಇಂದೇ ಹೇಳಿಡುವುದು ಒಳ್ಳೆಯದು. ಸಾವಿನ ನಂತರ ಕೆಲವೇ ಗಂಟೆಗಳಲ್ಲಿ ಆ ಕಾರ್ಯ ನಡೆಯಬೇಕು, ಆಗ ಒಪ್ಪಿಗೆ ನೀಡಬೇಕಾದವರು ಅವರೇ.