ಹಗುರ ರೋಲರೋ, ಭಾರದ ರೋಲರೋ?

ಗೇರಿಲ್ಲದ ಸ್ಕೂಟರಿನ ಎಡಬದಿಯ ಉದ್ದನೆಯ ಮುಚ್ಚಳ ಬಿಚ್ಚಿ ನೋಡಿದವರಿಗೆ ಒಳಗಿನ ಸರಳತೆ ಕಂಡು ಅಚ್ಚರಿಯಾಗುತ್ತದೆ. ಮುಂದೊಂದು ಪುಲ್ಲಿ, ಹಿಂದೊಂದು ಪುಲ್ಲಿ, ಎರಡನ್ನೂ ಬಳಸಿ ಸುತ್ತುವ ಒಂದು ರಬ್ಬರ್ ಬೆಲ್ಟ್. ಮುಂದಿನ ಪುಲ್ಲಿಯ ಬೆನ್ನ ಹಿಂದೆ, ಹೊರಗಿನಿಂದ ಕಾಣದಂತೆ, ಆರೋ ಎಂಟೋ ಪುಟ್ಟ ರೋಲರ್‌ಗಳು. ಒಂದೊಂದರ ತೂಕ ಕೆಲವೇ ಗ್ರಾಂ. ಇಡೀ ಬಂಡಿಯ ಓಟ ಹೇಗಿರಬೇಕೆಂದು ತೀರ್ಮಾನಿಸುವುದರಲ್ಲಿ ಎಂಜಿನ್ನಿನಷ್ಟೇ ಪಾತ್ರ ಈ ರೋಲರ್‌ಗಳದ್ದೂ ಇದೆ.

ಇವನ್ನು ಬದಲಿಸಿದರೆ ಪಿಕಪ್ ಹೆಚ್ಚುತ್ತದೆ, ಮೈಲೇಜೂ ಏರುತ್ತದೆ ಎಂಬ ಮಾತು ಗ್ಯಾರೇಜುಗಳಲ್ಲಿ ಹೊಸದಲ್ಲ. ಇಟಲಿ, ಸ್ಪೇನ್, ತೈವಾನ್‌ಗಳಲ್ಲಿ ಇದೇ ಒಂದು ದೊಡ್ಡ ಬಿಡಿಭಾಗಗಳ ಉದ್ಯಮವಾಗಿ ಬೆಳೆದಿದೆ. ಇಟಲಿಯ ಮಲೋಸಿ ಮತ್ತು ಪೋಲಿನಿ, ಸ್ಪೇನಿನ ಜೆ. ಕೋಸ್ಟಾ, ತೈವಾನಿನ ಡಾಕ್ಟರ್ ಪುಲ್ಲಿ ಮುಂತಾದ ಹೆಸರುಗಳು ಸ್ಕೂಟರ್ ಪ್ರಿಯರಿಗೆ ಪರಿಚಿತ. ಆದರೆ ಪಿಕಪ್ ಮತ್ತು ಮೈಲೇಜ್ ಎರಡೂ ಒಟ್ಟಿಗೆ ಸಿಗುತ್ತವೆಯೇ? ಉತ್ತರ ತಿಳಿಯಬೇಕಾದರೆ ಬೆಲ್ಟಿನ ಒಳಗುಟ್ಟನ್ನು ಸ್ವಲ್ಪ ಅರಿಯಬೇಕು.

ಡಚ್ಚರ ಕಾರಿನಿಂದ ಸ್ಕೂಟರಿಗೆ

ಬೆಲ್ಟಿನ ಮೂಲಕ ಗೇರನ್ನು ತಾನಾಗಿ ಬದಲಿಸುವ ಈ ಏರ್ಪಾಡನ್ನು ಜನಸಾಮಾನ್ಯರ ವಾಹನಕ್ಕೆ ತಂದ ಕೀರ್ತಿ ನೆದರ್ಲೆಂಡ್ಸಿನ ಹಬ್ ವಾನ್ ಡೂರ್ನ್ ಅವರದು. ಅವರ ಡಾಫ್ ಕಂಪನಿಯ 'ಡಾಫ್ 600' ಎಂಬ ಪುಟ್ಟ ಕಾರು 1958ರಲ್ಲಿ ಆಮ್‌ಸ್ಟರ್‌ಡಾಮ್‌ನಲ್ಲಿ ಪ್ರದರ್ಶನಗೊಂಡಿತು. ಅದರ 'ವೇರಿಯೋಮ್ಯಾಟಿಕ್' ವ್ಯವಸ್ಥೆ ಹಿಮ್ಮುಖವಾಗಿಯೂ ಅಷ್ಟೇ ವೇಗದಲ್ಲಿ ಓಡಬಲ್ಲದಾಗಿತ್ತು. ಹೀಗಾಗಿ ಆ ದೇಶದಲ್ಲಿ ಡಾಫ್ ಕಾರುಗಳ ಹಿಮ್ಮುಖ ಓಟದ ಪಂದ್ಯಗಳೇ ನಡೆದವು!

ಇದೇ ತತ್ವ ಸ್ಕೂಟರುಗಳಿಗೂ ಬಂತು. ಭಾರತದಲ್ಲಿ 1980ರ ದಶಕದಲ್ಲಿ ಕೈನೆಟಿಕ್ ಹೋಂಡಾ, ಆಮೇಲೆ 2001ರಲ್ಲಿ ಆಕ್ಟಿವಾ ಇದನ್ನು ಮನೆಮಾತಾಗಿಸಿದವು. ಹೊರದೇಶಗಳಲ್ಲಿ ಅಷ್ಟರಲ್ಲಿ ಇನ್ನೊಂದು ಬಗೆಯ ಸ್ಕೂಟರ್ ಬೆಳೆಯುತ್ತಿತ್ತು. ಅಗಲವಾದ ಆಸನ, ಕಾಲು ಮುಂದೆ ಚಾಚುವಷ್ಟು ಜಾಗ, ಎದೆಗೆ ಗಾಳಿ ತಾಗದಂತೆ ದೊಡ್ಡ ಗಾಜು, ಮೋಟಾರ್ ಸೈಕಲ್ಲಿಗೆ ಸಮನಾದ ಎಂಜಿನ್. ಇದೇ ಮ್ಯಾಕ್ಸಿ ಸ್ಕೂಟರ್. 1986ರ ಹೋಂಡಾ ಫ್ಯೂಷನ್, 1998ರ ಸುಜುಕಿ ಬರ್ಗ್‌ಮನ್ 400, 2001ರ ಯಮಾಹಾ ಟಿಮ್ಯಾಕ್ಸ್ ಈ ಸಾಲಿನ ಪ್ರಮುಖ ಬಂಡಿಗಳು. ಭಾರತಕ್ಕೆ 2018ರಲ್ಲಿ ಬಂದ ಬರ್ಗ್‌ಮನ್ ಸ್ಟ್ರೀಟ್ ಆಕಾರದಲ್ಲಿ ಅವುಗಳ ತಮ್ಮ, ಎಂಜಿನ್ನಿನಲ್ಲಿ ಮಾತ್ರ 125 ಸಿಸಿ ವರ್ಗದ್ದು. 2021ರಲ್ಲಿ ಬಂದ ಯಮಾಹಾ ಏರಾಕ್ಸ್ 155 ಅದಕ್ಕಿಂತ ಬಲಶಾಲಿ. ಇವೆಲ್ಲವುಗಳ ಮುಚ್ಚಳದೊಳಗೆ ಇರುವುದು ಒಂದೇ ತತ್ವ.

ಗೇರಿಲ್ಲದೆಯೂ ಗೇರು

ಪುಲ್ಲಿಯೆಂದರೆ ಬಾವಿಯ ರಾಟೆಯಂತೆ ಒಂದೇ ತುಂಡಲ್ಲ. ಎದುರುಬದುರಾಗಿ ಇಟ್ಟ ಎರಡು ತಟ್ಟೆಗಳಂತೆ ಎರಡು ಹೋಳು. ನಡುವಿನ ಇಳಿಜಾರಿನ ಸಂದಿನಲ್ಲಿ ಬೆಲ್ಟ್ ಕೂತಿರುತ್ತದೆ. ಹೋಳುಗಳು ದೂರ ಸರಿದರೆ ಬೆಲ್ಟ್ ಒಳಕ್ಕೆ ಇಳಿಯುತ್ತದೆ, ಪುಲ್ಲಿ ಚಿಕ್ಕದಾದಂತೆ. ಹತ್ತಿರ ಬಂದರೆ ಬೆಲ್ಟ್ ಅಂಚಿಗೆ ಏರುತ್ತದೆ, ಪುಲ್ಲಿ ದೊಡ್ಡದಾದಂತೆ.

ಬಂಡಿ ಹೊರಡುವಾಗ ಮುಂದಿನ ಪುಲ್ಲಿ ಚಿಕ್ಕದು, ಹಿಂದಿನದು ದೊಡ್ಡದು. ಇದು ಒಂದನೇ ಗೇರಿಗೆ ಸಮ. ಎಂಜಿನ್ ವೇಗವಾಗಿ ತಿರುಗಿದಂತೆ ರೋಲರ್‌ಗಳು ಹೊರಕ್ಕೆ ಚಿಮ್ಮಲು ನೋಡುತ್ತವೆ. ಅವುಗಳ ಹಿಂದೆ ಇಳಿಜಾರಿನ ಗೋಡೆ ಇರುವುದರಿಂದ ಹೊರಕ್ಕೆ ಹೋಗುತ್ತಲೇ ಪುಲ್ಲಿಯ ಚಲಿಸುವ ಹೋಳನ್ನು ತಳ್ಳುತ್ತವೆ. ಮುಂದೆ ಬೆಲ್ಟ್ ಮೇಲೇರಿದಷ್ಟೂ ಹಿಂದಿನ ಪುಲ್ಲಿಯಲ್ಲಿ ಒಳಕ್ಕೆ ಇಳಿಯಲೇಬೇಕು, ಏಕೆಂದರೆ ಬೆಲ್ಟಿನ ಉದ್ದ ಬದಲಾಗದು. ಹಾಗೆ ಇಳಿಯುವುದನ್ನು ಹಿಂದಿನ ಪುಲ್ಲಿಯ ದಪ್ಪ ಸ್ಪ್ರಿಂಗ್ ತಡೆಯುತ್ತದೆ. ಮುಂದೆ ರೋಲರಿನ ನೂಕು, ಹಿಂದೆ ಸ್ಪ್ರಿಂಗಿನ ತಡೆ. ಇವೆರಡರ ಹಗ್ಗಜಗ್ಗಾಟವೇ ಈ ಬಂಡಿಯ ಗೇರು.

ಹಿಂದಿನ ಪುಲ್ಲಿಯಲ್ಲಿ ಓರೆಯಾಗಿ ಕೊರೆದ ಗಾಡಿಗಳೂ ಇವೆ. ಏರು ಬಂದಾಗ ಅಥವಾ ಆಕ್ಸಲರೇಟರ್ ಪೂರ್ತಿ ತಿರುವಿದಾಗ ಚಕ್ರದ ಮೇಲೆ ಬೀಳುವ ಹೊರೆಯನ್ನು ಇವು ಗ್ರಹಿಸಿ, ಹೋಳುಗಳನ್ನು ಮತ್ತೆ ಹತ್ತಿರ ತಂದು ಬೆಲ್ಟನ್ನು ಕೆಳ ಗೇರಿನತ್ತ ದೂಡುತ್ತವೆ. ಸವಾರ ಕಾಲು ಕೈ ಆಡಿಸದೆಯೇ ಗೇರು ಇಳಿಯುತ್ತದೆ.

ಕವಣೆಯ ಲೆಕ್ಕ

ಕವಣೆ ಬೀಸಿದವರಿಗೆ ಗೊತ್ತು: ಕಲ್ಲು ದೊಡ್ಡದಾದಷ್ಟೂ ಕೈಗೆ ಎಳೆತ ಜಾಸ್ತಿ, ಜೋರಾಗಿ ಬೀಸಿದಷ್ಟೂ ಇನ್ನೂ ಜಾಸ್ತಿ. ರೋಲರಿನ ನೂಕುಬಲವೂ ಹೀಗೆಯೇ. ಅದು ರೋಲರಿನ ತೂಕಕ್ಕೆ ನೇರವಾಗಿಯೂ, ತಿರುಗುವ ವೇಗದ ವರ್ಗಕ್ಕೂ ಅನುಪಾತದಲ್ಲಿ ಇರುತ್ತದೆ. ಅಂದರೆ ತೂಕ ಕಡಿಮೆ ಮಾಡಿದರೆ ಅಷ್ಟೇ ನೂಕು ಹುಟ್ಟಲು ಎಂಜಿನ್ ಹೆಚ್ಚು ವೇಗವಾಗಿ ತಿರುಗಬೇಕು.

ಒಂದು ಉದಾಹರಣೆ. 20 ಗ್ರಾಂ ರೋಲರ್‌ಗಳಿರುವ ಬಂಡಿ ಪೂರ್ತಿ ಆಕ್ಸಲರೇಟರಿನಲ್ಲಿ ನಿಮಿಷಕ್ಕೆ 6,000 ಸುತ್ತಿನಲ್ಲಿ ನಿಂತು ವೇಗ ಹೆಚ್ಚಿಸಿಕೊಳ್ಳುತ್ತದೆ ಎಂದುಕೊಳ್ಳಿ. 18 ಗ್ರಾಂನ ರೋಲರ್ ಹಾಕಿದರೆ ಆ ಸುತ್ತು ಸುಮಾರು 6,325ಕ್ಕೆ ಏರುತ್ತದೆ. 22 ಗ್ರಾಂನದು ಹಾಕಿದರೆ ಸುಮಾರು 5,720ಕ್ಕೆ ಇಳಿಯುತ್ತದೆ. ತೂಕದಲ್ಲಿ ನೂರಕ್ಕೆ ಹತ್ತರ ವ್ಯತ್ಯಾಸ, ಸುತ್ತಿನಲ್ಲಿ ನೂರಕ್ಕೆ ಐದರಷ್ಟು ವ್ಯತ್ಯಾಸ.

ಪ್ರತಿ ಎಂಜಿನ್ನಿಗೂ ಗರಿಷ್ಠ ಶಕ್ತಿ ಕೊಡುವ ಒಂದು ಸುತ್ತು ಇರುತ್ತದೆ. ಹಗುರ ರೋಲರ್ ಎಂಜಿನ್ನನ್ನು ಆ ಸುತ್ತಿನ ಹತ್ತಿರಕ್ಕೆ ಒಯ್ದರೆ ಪಿಕಪ್ ನಿಜಕ್ಕೂ ಹೆಚ್ಚುತ್ತದೆ. ಅದನ್ನೂ ದಾಟಿಸಿದರೆ ಸದ್ದು ಮಾತ್ರ ಹೆಚ್ಚಿ ಪಿಕಪ್ ಇಳಿಯುತ್ತದೆ. ಸದ್ದನ್ನು ವೇಗವೆಂದು ತಿಳಿದು ಸಂತೋಷಪಡುವವರು ಅನೇಕರು. ಇನ್ನು ಭಾರದ ರೋಲರ್ ಎಂಜಿನ್ನನ್ನು ಕಡಿಮೆ ಸುತ್ತಿನಲ್ಲಿ ದುಡಿಸುತ್ತದೆ. ಸುತ್ತು ಕಡಿಮೆಯಾದರೆ ಒಳಗಿನ ಘರ್ಷಣೆ ಕಡಿಮೆ, ಪೆಟ್ರೋಲ್ ಉಳಿತಾಯ. ಆದರೆ ಹಿಂದೆ ಒಬ್ಬರನ್ನು ಕೂರಿಸಿಕೊಂಡು ಏರು ಹತ್ತುವಾಗ ಬಂಡಿ ಏದುಸಿರು ಬಿಡುತ್ತದೆ. ಸವಾರ ಆಕ್ಸಲರೇಟರನ್ನು ಇನ್ನಷ್ಟು ತಿರುವುತ್ತಾನೆ, ಉಳಿದದ್ದರಲ್ಲಿ ಒಂದು ಪಾಲು ಅಲ್ಲಿಗೇ ಖರ್ಚು.

ಒಂದೇ ತಕ್ಕಡಿಯ ಎರಡು ತಟ್ಟೆಗಳಂತೆ ಇದು. ಒಂದೇ ರೋಲರಿನಿಂದ ಎರಡನ್ನೂ ಪಡೆಯಲಾಗದು.

ಹೆದ್ದಾರಿಯಲ್ಲಿ ರೋಲರಿಗೆ ಕೆಲಸವಿಲ್ಲ

ಹಲವರು ಮರೆಯುವ ಸಂಗತಿ ಇನ್ನೊಂದಿದೆ. ಬಂಡಿ ಒಳ್ಳೆಯ ವೇಗ ಹಿಡಿದ ಮೇಲೆ ಮುಂದಿನ ಪುಲ್ಲಿಯ ಹೋಳುಗಳು ಪೂರ್ತಿ ಕೂಡಿ, ಬೆಲ್ಟ್ ಅಂಚಿಗೆ ಬಂದು ನಿಲ್ಲುತ್ತದೆ. ಅಲ್ಲಿಂದ ಮುಂದೆ ಅದು ಒಂದೇ ಗೇರಿನ ಬಂಡಿ. ರೋಲರ್ 18 ಗ್ರಾಂ ಇರಲಿ, 22 ಗ್ರಾಂ ಇರಲಿ, ಎಂಜಿನ್ನಿನ ಸುತ್ತು ಚಕ್ರದ ವೇಗಕ್ಕೆ ಕಟ್ಟುಬಿದ್ದಿರುತ್ತದೆ. ರೋಲರ್ ಬದಲಿಸಿದ ಪರಿಣಾಮ ಕಾಣುವುದು ಹೊರಡುವಾಗ, ವೇಗ ಹೆಚ್ಚಿಸುವಾಗ, ಊರೊಳಗಿನ ಮಧ್ಯಮ ವೇಗದಲ್ಲಿ.

ಹೆದ್ದಾರಿಯ ಸುತ್ತನ್ನೂ ಇಳಿಸಬೇಕಾದರೆ ಹಿಂದಿನ ಚಕ್ರದ ಪಕ್ಕದಲ್ಲಿರುವ ಹಲ್ಲುಚಕ್ರಗಳ ಜೋಡಿಯನ್ನೇ ಬದಲಿಸಬೇಕು, ಇಲ್ಲವೇ ಬೆಲ್ಟ್ ಇನ್ನೂ ಕೊಂಚ ಮೇಲೇರುವಂತೆ ಮಾಡಬೇಕು. ತೈವಾನಿನ ತಯಾರಕರು ದುಂಡನೆಯ ರೋಲರಿಗೆ ಬದಲು ಮೂಲೆಗಳುಳ್ಳ, ಉರುಳದೆ ಜಾರುವ ತುಂಡುಗಳನ್ನು ಮಾಡಿದ್ದು ಈ ಉದ್ದೇಶದಿಂದಲೇ. ಅವು ಚಲಿಸುವ ಹೋಳನ್ನು ಸ್ವಲ್ಪ ಹೆಚ್ಚು ದೂರ ತಳ್ಳುತ್ತವೆ.

ಹಾಗಿದ್ದರೂ ಹೆದ್ದಾರಿಯಲ್ಲಿ ಪೆಟ್ರೋಲ್ ತಿನ್ನುವ ದೊಡ್ಡ ಶತ್ರು ಗಾಳಿ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿಲೋಮೀಟರಿನಿಂದ 80ಕ್ಕೆ ಇಳಿದರೆ ಆ ತಡೆ ನೂರಕ್ಕೆ 36ರಷ್ಟು ಕಡಿಮೆಯಾಗುತ್ತದೆ. ಅಗಲ ಮೈಯ ಮ್ಯಾಕ್ಸಿ ಸ್ಕೂಟರಿಗೆ ಇಷ್ಟು ಉಳಿಸಿಕೊಡುವ ರೋಲರ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಮೊದಲು ದುರಸ್ತಿ, ಆಮೇಲೆ ಮಾರ್ಪಾಡು

ಹೊಸ ರೋಲರ್ ಹಾಕಿಸಿದ ಮೇಲೆ ಬಂಡಿ ಹೊಸದರಂತಾಯಿತು ಎನ್ನುವವರ ಮಾತು ಸುಳ್ಳಲ್ಲ. ಆದರೆ ಬಹಳ ಸಲ ಅದಕ್ಕೆ ಕಾರಣ ಹೊಸ ತೂಕವಲ್ಲ, ಹಳೆಯದು ಸವೆದಿದ್ದದ್ದು. ಸಾವಿರಾರು ಕಿಲೋಮೀಟರ್ ಓಡಿದ ರೋಲರಿನ ಒಂದು ಬದಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಸರಾಗವಾಗಿ ಉರುಳದು, ಪುಲ್ಲಿ ಪೂರ್ತಿ ಕೂಡದು. ಬೆಲ್ಟ್ ಕೂಡ ಅಂಚು ಸವೆದು ಕಿರಿದಾಗುತ್ತದೆ. ಕಿರಿದಾದ ಬೆಲ್ಟ್ ಮುಂದಿನ ಪುಲ್ಲಿಯಲ್ಲಿ ಎಷ್ಟು ಏರಬೇಕೋ ಅಷ್ಟು ಏರುವುದಿಲ್ಲ. ಆಗ ಅದೇ ವೇಗಕ್ಕೆ ಎಂಜಿನ್ ಹೆಚ್ಚು ಸುತ್ತು ತಿರುಗಬೇಕು. ಪೆಟ್ರೋಲ್ ಸೋರಿಹೋಗುವುದು ಇಲ್ಲಿ.

ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಬೆಲ್ಟಿನ ಅಗಲ, ರೋಲರಿನ ವ್ಯಾಸ, ಪುಲ್ಲಿಯ ಮೈ ಇವನ್ನು ಕಂಪನಿಯ ಕೈಪಿಡಿಯ ಅಳತೆಯೊಂದಿಗೆ ಹೋಲಿಸಿ ನೋಡುವುದು ಜಾಣತನ. ಬೆಲ್ಟ್ ತಾಗುವ ಮೈಗೆ ಗ್ರೀಸ್ ಸೋಕಿದರೂ ಬೆಲ್ಟ್ ಜಾರುತ್ತದೆ, ಜಾರಿದರೆ ಕಾಯುತ್ತದೆ, ಕಾದರೆ ಬಾಳಿಕೆ ಮುಗಿಯಿತು. ಪುಲ್ಲಿಯನ್ನು ಹಿಡಿಯಲು ಸರಿಯಾದ ಹಿಡಿಕೆಯಿಲ್ಲದೆ ಫ್ಯಾನಿನ ರೆಕ್ಕೆಗೆ ಸ್ಕ್ರೂಡ್ರೈವರ್ ತೂರಿಸಿ ನಟ್ ಬಿಚ್ಚುವ ಅಭ್ಯಾಸದಿಂದ ಮುರಿದ ರೆಕ್ಕೆಗಳೂ ಕಡಿಮೆಯಲ್ಲ.

ಅಳೆದು ನಂಬುವುದು

ಮಾರ್ಪಾಡು ಮಾಡಿಯೇ ತೀರಬೇಕೆನ್ನುವವರು ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ರೋಲರ್, ಸ್ಪ್ರಿಂಗ್, ಕ್ಲಚ್ ಮೂರನ್ನೂ ಒಟ್ಟಿಗೆ ಬದಲಿಸಿದರೆ ಗುಣ ಯಾವುದರದು, ದೋಷ ಯಾವುದರದು ಎಂದು ತಿಳಿಯದು.

ಒಂದೇ ಟ್ಯಾಂಕಿನ ಲೆಕ್ಕವನ್ನೂ ನಂಬುವಂತಿಲ್ಲ. ಟ್ಯಾಂಕ್ ತುಂಬಿಸಿ 250 ಕಿಲೋಮೀಟರ್ ಓಡಿಸಿದ ಮೇಲೆ 6.25 ಲೀಟರ್ ಹಿಡಿಯಿತೆಂದರೆ ಮೈಲೇಜ್ 40. ಪಂಪಿನವನು ತುಂಬುವಾಗ 0.2 ಲೀಟರ್ ಆಚೀಚೆಯಾದರೆ ಅದೇ ಬಂಡಿಯ ಮೈಲೇಜ್ 38.8 ಆಗಬಹುದು, 41.3 ಕೂಡ ಆಗಬಹುದು. ಏನನ್ನೂ ಬದಲಿಸದೆಯೇ ಎರಡೂವರೆ ಕಿಲೋಮೀಟರಿನ ವ್ಯತ್ಯಾಸ! 1,000 ಕಿಲೋಮೀಟರಿನ ಒಟ್ಟು ಲೆಕ್ಕ ತೆಗೆದರೆ ಅಷ್ಟೇ ತಪ್ಪು 39.7ರಿಂದ 40.3ರೊಳಗೆ ಅಡಗುತ್ತದೆ. ಅದೇ ದಾರಿ, ಅದೇ ಪಂಪು, ಟೈರಿನಲ್ಲಿ ಅಷ್ಟೇ ಗಾಳಿ ಇಟ್ಟುಕೊಂಡು ಬದಲಾವಣೆಗೆ ಮುಂಚೆ ಸಾವಿರ, ನಂತರ ಸಾವಿರ ಕಿಲೋಮೀಟರ್ ಅಳೆದರೆ ಮಾತ್ರ ಹೋಲಿಕೆಗೆ ಅರ್ಥ.

ಘಟ್ಟ ಇಳಿಯುವಾಗ

ಇದು ಬರೀ ಪೆಟ್ರೋಲಿನ ಪ್ರಶ್ನೆಯಲ್ಲ. ಆಗುಂಬೆಯಂಥ ಘಟ್ಟ ಇಳಿಯುವಾಗ ಆಕ್ಸಲರೇಟರ್ ಬಿಟ್ಟರೂ ಎಂಜಿನ್ ಸ್ವಲ್ಪ ತಡೆಹಿಡಿಯುತ್ತದೆ. ಭಾರದ ರೋಲರ್ ಇದ್ದರೆ ಬೆಲ್ಟ್ ಮೇಲಿನ ಗೇರಿನಲ್ಲೇ ಉಳಿದು ಈ ತಡೆ ತೆಳುವಾಗುತ್ತದೆ. ಕ್ಲಚ್ಚಿಗೆ ಗಟ್ಟಿ ಸ್ಪ್ರಿಂಗ್ ಹಾಕಿದರಂತೂ ಹೊರಡುವಾಗ ಜಿಗಿತ ಸಿಗುತ್ತದೆ, ಆದರೆ ಇಳಿಯುವಾಗ ಕ್ಲಚ್ ಬೇಗನೆ ಬಿಟ್ಟುಕೊಳ್ಳುತ್ತದೆ. ಆಗ ಬಂಡಿಗೆ ಎಂಜಿನ್ನಿನ ಹಂಗಿಲ್ಲ, ತಿರುವಿನಲ್ಲಿ ಎಲ್ಲ ಭಾರ ಬ್ರೇಕಿನ ಮೇಲೆ. ಹಿಂದಿನ ಪುಲ್ಲಿಗೆ ಅತಿ ಗಟ್ಟಿ ಸ್ಪ್ರಿಂಗ್ ಹಾಕಿದರೆ ಬೆಲ್ಟ್ ಸದಾ ಬಿಗಿಯಾಗಿ ಕಾಯುತ್ತದೆ. ಓಡುವ ಬಂಡಿಯಲ್ಲಿ ಬೆಲ್ಟ್ ತುಂಡಾಗಿ ಪುಲ್ಲಿಗೆ ಸಿಕ್ಕಿಕೊಂಡರೆ ಹಿಂದಿನ ಚಕ್ರ ಹಿಡಿದುಕೊಳ್ಳುವ ಅಪಾಯವೂ ಉಂಟು.

ಕಾನೂನಿನ ಎಲ್ಲೆಯೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ರೋಲರಿನ ತೂಕ ಆ ಪತ್ರದಲ್ಲಿ ಇರುವುದಿಲ್ಲ. ಆದರೆ ಪಿಕಪ್ಪಿನ ರುಚಿ ಹತ್ತಿ ದೊಡ್ಡ ಸಿಲಿಂಡರ್ ಕೂರಿಸಿದರೆ ಎಂಜಿನ್ನಿನ ಸಿಸಿಯೇ ಬದಲಾಗುತ್ತದೆ. ವಾರಂಟಿ ಇರುವ ಬಂಡಿಯಲ್ಲಿ ಹೊರಗಿನ ಬಿಡಿಭಾಗ ಹಾಕಿದರೆ ಆ ಭಾಗದ ಹಾನಿಗೆ ಕಂಪನಿ ಹೊಣೆ ಹೊರದಿರಬಹುದು.

ತಯಾರಕರಿಗೂ ಈ ತಕ್ಕಡಿಯ ಕಷ್ಟ ಗೊತ್ತಿಲ್ಲದೆ ಇಲ್ಲ. ಸುಜುಕಿ 2002ರಲ್ಲಿ ತಂದ ಬರ್ಗ್‌ಮನ್ 650ರಲ್ಲಿ ಪುಲ್ಲಿಯನ್ನು ಸರಿಸುವ ಕೆಲಸವನ್ನು ರೋಲರಿನಿಂದ ಕಿತ್ತು ಒಂದು ವಿದ್ಯುತ್ ಮೋಟಾರಿಗೆ ಒಪ್ಪಿಸಿತು. ಸವಾರ ಗುಂಡಿ ಒತ್ತಿದರೆ ಬಂಡಿ ಹೆಚ್ಚು ಸುತ್ತಿನಲ್ಲಿ ಜಿಗಿಯುತ್ತದೆ, ಬಿಟ್ಟರೆ ಕಡಿಮೆ ಸುತ್ತಿನಲ್ಲಿ ಮೆಲ್ಲಗೆ ಸಾಗುತ್ತದೆ. 2024ರಲ್ಲಿ ಯಮಾಹಾ ಇಂಡೋನೇಷ್ಯಾದಲ್ಲಿ ತನ್ನ 155 ಸಿಸಿ ಎನ್‌ಮ್ಯಾಕ್ಸ್ ಸ್ಕೂಟರಿಗೂ ಇಂಥದೇ ಮೋಟಾರ್ ಕೊಟ್ಟಿತು. ಹಗುರವೋ ಭಾರವೋ ಎಂಬ ಆಯ್ಕೆಯನ್ನು ಗ್ಯಾರೇಜಿನಲ್ಲಿ ಒಮ್ಮೆ ಮಾಡುವ ಬದಲು ರಸ್ತೆಯಲ್ಲಿ ಗಳಿಗೆ ಗಳಿಗೆಗೂ ಮಾಡುವ ಉಪಾಯವಿದು.

ಅಂಥ ಮೋಟಾರ್ ಇಲ್ಲದ ಬಂಡಿಯ ಒಡೆಯರಿಗೆ ಉಳಿದಿರುವುದು ಹಳೆಯ ದಾರಿಯೇ. ಸವೆದದ್ದನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು, ಟೈರಿಗೆ ಗಾಳಿ ನೋಡುವುದು, ಆಕ್ಸಲರೇಟರಿನ ಮೇಲೆ ಕೈ ಹಗುರವಾಗಿಡುವುದು. ಇಷ್ಟಾದ ಮೇಲೂ ರೋಲರ್ ಬದಲಿಸುವ ಆಸೆ ಉಳಿದರೆ, ತನ್ನ ದಿನದ ದಾರಿ ಏರಿನದೋ ಬಯಲಿನದೋ ಎಂದು ನೋಡಿ ಒಂದೆರಡು ಗ್ರಾಂಗಳಷ್ಟೇ ಬದಲಿಸಿದರೆ ಸಾಕು. ತೆಗೆದ ಹಳೆಯ ರೋಲರ್‌ಗಳನ್ನು ಮಾತ್ರ ಎಸೆಯದೆ ಒಂದು ಡಬ್ಬಿಯಲ್ಲಿ ಕಟ್ಟಿಡುವುದು ಒಳ್ಳೆಯದು.