ಜೇಮ್ಸ್ ಬಾಂಡ್: ಗ್ಯಾಜೆಟ್ ಗೆದ್ದಾಗಲೆಲ್ಲ ಪಾತ್ರ ಸೋಲುವುದೇಕೆ?

1962ರ 'ಡಾಕ್ಟರ್ ನೋ' ಚಿತ್ರದಿಂದ 2021ರ 'ನೋ ಟೈಮ್ ಟು ಡೈ'ವರೆಗೆ ಈಯಾನ್ ಸಂಸ್ಥೆಯ 25 ಬಾಂಡ್ ಚಿತ್ರಗಳು ಬಂದಿವೆ. ಆರು ನಟರು ಈ ಪಾತ್ರ ಮಾಡಿದ್ದಾರೆ. 2025ರ ಫೆಬ್ರುವರಿಯಲ್ಲಿ ಸರಣಿಯ ಸೃಜನಾತ್ಮಕ ಹಿಡಿತ ಅಮೆಜಾನ್ ಎಂಜಿಎಂ ಸ್ಟುಡಿಯೋಸ್ ಕೈಗೆ ಹೋಯಿತು. ಮುಂದಿನ ಚಿತ್ರದ ನಿರ್ದೇಶನದ ಹೊಣೆ 'ಡ್ಯೂನ್' ಖ್ಯಾತಿಯ ಡೆನಿಸ್ ವಿಲ್ನೆವ್ ಪಾಲಾಯಿತು. ಅಭಿಮಾನಿಗಳ ಚರ್ಚೆಯೆಲ್ಲ ಹೊಸ ಬಾಂಡ್ ಯಾರು ಎಂಬುದರ ಸುತ್ತಲೇ. ಆದರೆ ನಟ ಬದಲಾದ ಮಾತ್ರಕ್ಕೆ ಪಾತ್ರದ ಸೆಳೆತ ಉಳಿಯುವುದಿಲ್ಲ. ಈ ಸರಣಿಯ ಇತಿಹಾಸವೇ ಅದಕ್ಕೆ ಸಾಕ್ಷಿ.

ಗಲ್ಲಾಪೆಟ್ಟಿಗೆ ಹೇಳದ ಸತ್ಯ

1977ರಲ್ಲಿ 'ಸ್ಟಾರ್ ವಾರ್ಸ್' ಗೆದ್ದದ್ದೇ ತಡ, 1979ರ 'ಮೂನ್‌ರೇಕರ್'ನಲ್ಲಿ ರೋಜರ್ ಮೂರ್ ಅವರ ಬಾಂಡ್ ಬಾಹ್ಯಾಕಾಶಕ್ಕೇ ಹಾರಿದ. 2002ರ 'ಡೈ ಅನದರ್ ಡೇ'ಯಲ್ಲಿ ಪಿಯರ್ಸ್ ಬ್ರಾಸ್ನನ್ ಅವರ ಬಾಂಡ್‌ಗೆ ಕಣ್ಣಿಗೆ ಕಾಣದ ಕಾರು ಸಿಕ್ಕಿತು. ಎರಡೂ ಚಿತ್ರಗಳು ಆಯಾ ಕಾಲಕ್ಕೆ ಸರಣಿಯಲ್ಲೇ ಅತಿ ಹೆಚ್ಚು ಗಳಿಸಿದವು. ಆದರೂ ಎರಡೂ ಬಾರಿ ನಿರ್ಮಾಪಕರು ದಿಕ್ಕು ಬದಲಿಸಿ, ಮುಂದಿನ ಚಿತ್ರದಲ್ಲಿ ಬಾಂಡ್‌ನನ್ನು ನೆಲಕ್ಕೆ ಇಳಿಸಿದರು.

ಕಾರಣ ಸರಳ. ನಾಯಕ ಸಿಕ್ಕಿಬಿದ್ದಾಗಲೆಲ್ಲ ಹೊಸ ಉಪಕರಣವೊಂದು ಆತನನ್ನು ಕಾಪಾಡುತ್ತದೆ ಎಂದು ಮೊದಲೇ ಗೊತ್ತಿದ್ದರೆ ಪ್ರೇಕ್ಷಕನಿಗೆ ಆತಂಕವೇ ಆಗುವುದಿಲ್ಲ. ಆತಂಕವಿಲ್ಲದ ಕಡೆ ಅಭಿಮಾನವೂ ಹೆಚ್ಚು ದಿನ ನಿಲ್ಲದು.

ಹಾಗೆಂದು ಗ್ಯಾಜೆಟ್ ಇರುವುದೇ ತಪ್ಪಲ್ಲ. 1964ರ 'ಗೋಲ್ಡ್‌ಫಿಂಗರ್' ನೋಡಿ. ಶಾನ್ ಕಾನರಿ ಅವರ ಬಾಂಡ್ ಬಳಿ ಆಯುಧ ತುಂಬಿದ ಆಸ್ಟನ್ ಮಾರ್ಟಿನ್ ಕಾರಿದ್ದರೂ ಆತ ಸೆರೆಯಾಗುತ್ತಾನೆ. ಮೇಜಿಗೆ ಕಟ್ಟಿಹಾಕಿದ ಆತನತ್ತ ಲೇಸರ್ ಕಿರಣ ಸರಿಯುತ್ತದೆ. ಎಲ್ಲೋ ಕದ್ದು ಕೇಳಿದ್ದ ಸಂಚಿನ ಹೆಸರನ್ನು ಹೇಳಿ, ತನಗೆಲ್ಲ ಗೊತ್ತಿದೆ ಎಂದು ಖಳನನ್ನು ನಂಬಿಸಿ ಆತ ಬದುಕುತ್ತಾನೆ. ಅಲ್ಲಿ ಜೀವ ಉಳಿಸಿದ್ದು ಯಂತ್ರವಲ್ಲ, ಮಾತು.

2006ರ 'ಕ್ಯಾಸಿನೋ ರಾಯಲ್' ಇದೇ ದಾರಿ ಹಿಡಿಯಿತು. ಉಪಕರಣ ಒದಗಿಸುವ 'ಕ್ಯೂ' ಪಾತ್ರವೇ ಅದರಲ್ಲಿಲ್ಲ. ಡೇನಿಯಲ್ ಕ್ರೇಗ್ ಅವರ ಬಾಂಡ್ ಇಸ್ಪೀಟಿನಲ್ಲಿ ಸೋಲುತ್ತಾನೆ, ವಿಷವುಂಡು ಸಾವಿನಂಚಿಗೆ ಹೋಗುತ್ತಾನೆ, ಪ್ರೀತಿಸಿದವಳನ್ನು ಕಳೆದುಕೊಳ್ಳುತ್ತಾನೆ. ಪ್ರೇಕ್ಷಕರು ಮತ್ತೆ ಆತನಿಗಾಗಿ ಹೆದರಿದರು.

ಇನ್ನೊಂದು ಅತಿರೇಕ

ಹಾಗಾದರೆ ಪಾತ್ರಕ್ಕೆ ನೋವು ತುಂಬಿದರೆ ಸಾಕೇ? ಅದೂ ಅಲ್ಲ. 2015ರ 'ಸ್ಪೆಕ್ಟರ್'ನಲ್ಲಿ ಖಳನಾಯಕ ಬ್ಲೋಫೆಲ್ಡ್, ಬಾಂಡ್ ಜೊತೆ ಒಂದೇ ಮನೆಯಲ್ಲಿ ಬೆಳೆದವನಂತೆ. ಹಿಂದಿನ ಚಿತ್ರಗಳ ಕೇಡಿಗೆಲ್ಲ ಆತನೇ ಮೂಲನಂತೆ. ಅಲ್ಲಿಗೆ ಬೇಹುಗಾರಿಕೆಯ ಕಥೆ ದಾಯಾದಿ ಜಗಳವಾಯಿತು.

ನಮ್ಮಲ್ಲೂ ಇದೇ ಅಪಾಯ

2012ರ 'ಏಕ್ ಥಾ ಟೈಗರ್'ನಿಂದ ಆರಂಭವಾದ ಯಶ್ ರಾಜ್ ಫಿಲ್ಮ್ಸ್ ಗೂಢಚಾರ ಸರಣಿಯನ್ನೂ ಗಮನಿಸಿ. 2023ರ 'ಪಠಾಣ್'ನಲ್ಲಿ ಟೈಗರ್ ಬಂದು ಪಠಾಣ್‌ನನ್ನು ಬಿಡಿಸುತ್ತಾನೆ. ಅದೇ ವರ್ಷದ 'ಟೈಗರ್ 3'ರಲ್ಲಿ ಪಠಾಣ್ ಆ ಋಣ ತೀರಿಸುತ್ತಾನೆ. ಶಿಳ್ಳೆಗೇನೂ ಕೊರತೆಯಿಲ್ಲ. ಆದರೆ ಬಾಂಡ್‌ಗೆ ಉಪಕರಣ ಹೇಗೋ, ಇಲ್ಲಿ ಅತಿಥಿ ನಟ ಹಾಗೆ: ನಾಯಕ ತಾನೇ ದಾರಿ ಹುಡುಕಬೇಕಾದ ಕ್ಷಣವನ್ನು ಆತ ಕಸಿದುಕೊಳ್ಳುತ್ತಾನೆ.

'ನೋ ಟೈಮ್ ಟು ಡೈ' ಕೊನೆಯಲ್ಲಿ ಬಾಂಡ್ ಸತ್ತಿದ್ದಾನೆ. ಹೊಸ ತಂಡಕ್ಕೆ ಹಳೆಯ ಕಥೆಯ ಭಾರವಿಲ್ಲ. ಮುಂದಿನ ಬಾಂಡ್ ಯಾರೇ ಆಗಲಿ, ಬರಿಗೈಯಲ್ಲಿ ಸಿಕ್ಕಿಬಿದ್ದಾಗ ಆತ ಏನು ಮಾಡುತ್ತಾನೆ ಎಂಬ ಕುತೂಹಲ ಉಳಿದರೆ ಮಾತ್ರ ಸರಣಿಯೂ ಉಳಿದೀತು.