ಟೈಲ್ಸ್ ಓರೆಯಾಗಿ ಹಾಕಿಸಿದರೆ ಮೇಲೇಳುವುದಿಲ್ಲವೇ?

ನೆಲದ ಟೈಲ್ಸ್ ಇದ್ದಕ್ಕಿದ್ದಂತೆ ಢಬ್ ಎಂದು ಸದ್ದು ಮಾಡಿ ಗುಡಾರದಂತೆ ಎದ್ದು ನಿಲ್ಲುವ ವಿಡಿಯೊ ನಿಮ್ಮ ಫೋನಿಗೂ ಬಂದಿರಬಹುದು. ಭೂಕಂಪ, ವಾಸ್ತುದೋಷ ಎಂದು ಕಾರಣ ಹುಡುಕುವವರಿದ್ದಾರೆ. ಮೂಲೆಯಿಂದ ಮೂಲೆಗೆ, ಡೈಮಂಡ್ ಆಕಾರದಲ್ಲಿ ಕ್ರಾಸ್ ಹಾಕಿಸಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರೂ ಇದ್ದಾರೆ. ಫಾರ್ವರ್ಡ್ ಮಾಡುವ ಮೊದಲು ಸ್ವಲ್ಪ ನಿಲ್ಲಿ. ಓರೆ ಜೋಡಣೆಗೂ ಟೈಲ್ಸ್ ಏಳುವುದಕ್ಕೂ ಸಂಬಂಧವಿಲ್ಲ.

ಟೈಲ್ಸ್ ಏಳುವುದು ಒತ್ತಡದಿಂದ. ಕೆಳಗಿನ ಸಿಮೆಂಟ್ ಒಣಗುತ್ತಾ ಕುಗ್ಗುತ್ತದೆ. ಭಟ್ಟಿಯಲ್ಲಿ ಸುಟ್ಟ ಸೆರಾಮಿಕ್ ಗಾಳಿಯ ತೇವ ಹೀರಿ, ವರ್ಷಗಟ್ಟಲೆ ಕಾಲದಲ್ಲಿ ಕೂದಲೆಳೆಯಷ್ಟು ಹಿಗ್ಗುತ್ತದೆ. ಜೊತೆಗೆ ಬಿಸಿ-ತಂಪಿನ ಏರಿಳಿತ. ಹಿಗ್ಗಲು ಜಾಗವಿಲ್ಲದಾಗ ಹಿಡಿತ ಸಡಿಲವಿದ್ದ ಕಡೆ ಟೈಲ್ಸ್ ಕಿತ್ತು ಬರುತ್ತದೆ. 2018ರ ಜನವರಿಯಲ್ಲಿ ಸಿಂಗಾಪುರದಲ್ಲಿ ಹವೆ ಏಕಾಏಕಿ ತಂಪಾದಾಗ ಎಷ್ಟೋ ಫ್ಲಾಟುಗಳಲ್ಲಿ ಹೀಗೆಯೇ ಆಯಿತು. ಚೌಕವನ್ನು 45 ಡಿಗ್ರಿ ತಿರುಗಿಸಿದ ಮಾತ್ರಕ್ಕೆ ಅದು ಹಿಗ್ಗುವುದು ನಿಲ್ಲುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಇನ್ನೊಂದು ವಿಷಯ ಸೇರಿಕೊಳ್ಳುತ್ತದೆ. ಹಳೆಯ ಮನೆಗಳ ಜಗಲಿ, ನಡುಮನೆಗಳಲ್ಲಿ ಉಜ್ಜಿ ಉಜ್ಜಿ ಕನ್ನಡಿಯಂತಾದ ರೆಡ್ ಆಕ್ಸೈಡ್ ನೆಲವಿರುತ್ತದೆ. (ಅದನ್ನು ಮುಚ್ಚುವುದೇಕೆ ಎಂಬುದು ಬೇರೆ ಜಗಳ!) ಆ ನುಣುಪಿನ ಮೇಲೆ ನೇರವಾಗಿ ಸಿಮೆಂಟ್ ಸುರಿದರೆ ಹಿಡಿತ ಸಿಗುವುದಿಲ್ಲ. ಮೊದಲು ನೆಲವನ್ನೆಲ್ಲ ಕಚ್ಚು ಹೊಡೆದು ಒರಟು ಮಾಡಿ, ಧೂಳು ತೊಳೆಯಬೇಕು. ಮಳೆಗಾಲದಲ್ಲಿ ಕೆಳಗಿನಿಂದ ತೇವ ಏರುವ ನೆಲವಾದರೆ ಮೊದಲು ಅದಕ್ಕೆ ಪರಿಹಾರ ಬೇಕು.

ಹಾಗಾದರೆ ಓರೆ ಜೋಡಣೆಯಿಂದ ಪ್ರಯೋಜನವೇ ಇಲ್ಲವೇ? ಇದೆ, ಅದು ನೋಟಕ್ಕೆ. ಚಿರೆಕಲ್ಲು ಅಥವಾ ಮಣ್ಣಿನ ಗೋಡೆಯ ಹಳೆಯ ಕೋಣೆಗಳ ಮೂಲೆ ಎಷ್ಟೋ ಸಲ ಮೂಲೆಮಟ್ಟಕ್ಕೆ ಕೂರುವುದಿಲ್ಲ. ನೇರ ಸಾಲಿನಲ್ಲಿ ಹಾಕಿದರೆ ಗೋಡೆಯ ಪಕ್ಕದ ಪಟ್ಟಿ ಒಂದು ತುದಿಯಲ್ಲಿ ನಾಲ್ಕು ಇಂಚು, ಇನ್ನೊಂದು ತುದಿಯಲ್ಲಿ ಎರಡೇ ಇಂಚು ಆಗಿ ಕಣ್ಣಿಗೆ ಚುಚ್ಚುತ್ತದೆ. ಓರೆಯಲ್ಲಿ ಗೋಡೆಗುಂಟ ತ್ರಿಕೋನಗಳೇ ಬರುವುದರಿಂದ ಆ ಸೊಟ್ಟ ಅಷ್ಟಾಗಿ ಕಾಣುವುದಿಲ್ಲ.

ಆದರೆ ಇದಕ್ಕೆ ಹಣ ಹೆಚ್ಚು. ನೇರ ಜೋಡಣೆಗೆ ಶೇ. 10ರಷ್ಟು ಹೆಚ್ಚುವರಿ ಟೈಲ್ಸ್ ತರುವುದು ರೂಢಿ, ಓರೆಗೆ ಶೇ. 15. ಚಿಕ್ಕ ಕೋಣೆಯಾದರೆ ಇನ್ನೂ ಹೆಚ್ಚು ಬೇಕಾಗಬಹುದು. 10 x 12 ಅಡಿಯ ಕೋಣೆಗೆ 2 x 2 ಅಡಿಯ ಟೈಲ್ಸ್ ಲೆಕ್ಕಕ್ಕೆ 30. ನೇರಕ್ಕೆ 33 ತಂದರೆ ಓರೆಗೆ 35 ತರಬೇಕು. ಕತ್ತರಿಸುವ ಕೆಲಸ ಹೆಚ್ಚುವುದರಿಂದ ಕೂಲಿಯನ್ನೂ ಮೊದಲೇ ಮಾತಾಡಿಕೊಳ್ಳಿ.

ಗೆರೆ ಸರಿಯಾಗಿದೆಯೇ ಎಂದು ನೀವೇ ನೋಡಬಹುದು. ಕೋಣೆಯ ನಡುವೆ ಎರಡು ದಾರಗಳನ್ನು ಅಡ್ಡ-ಉದ್ದ ಹಿಡಿಯಿರಿ. ಸೇರುವ ಬಿಂದುವಿನಿಂದ ಒಂದರ ಮೇಲೆ 3 ಅಡಿ, ಇನ್ನೊಂದರ ಮೇಲೆ 4 ಅಡಿಗೆ ಗುರುತು ಹಾಕಿ. ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಿದೆ. ಆಮೇಲೆ ಎರಡೂ ದಾರಗಳ ಮೇಲೆ 4 ಅಡಿಗೆ ಗುರುತು ಮಾಡಿ ಸೇರಿಸಿದರೆ 45 ಡಿಗ್ರಿಯ ಓರೆಗೆರೆ ಸಿಕ್ಕಿತು.

ಟೈಲ್ಸ್ ಏಳದಂತೆ ತಡೆಯುವುದು ಮಾತ್ರ ಕಣ್ಣಿಗೆ ಕಾಣದ ಕೆಲಸಗಳು. ಟೈಲ್ಸಿನ ಅಡಿಗೆ ಅಲ್ಲಲ್ಲಿ ಮುದ್ದೆ ಇಟ್ಟು ಒತ್ತಿದರೆ ಸಾಲದು, ಪೂರ್ತಿ ತುಂಬಿರಬೇಕು. ನೀರು ಹೀರದ ವಿಟ್ರಿಫೈಡ್ ಟೈಲ್ಸಿಗೆ ಬರೀ ಸಿಮೆಂಟ್ ಸರಿಯಾಗಿ ಅಂಟುವುದಿಲ್ಲ, ಟೈಲ್ಸ್ ಅಂಟು ಬೇಕು. ಟೈಲ್ಸ್ ನಡುವೆ ಸ್ಪೇಸರ್ ಇಟ್ಟು 2-3 ಮಿ.ಮೀ. ಸಂದು ಬಿಡಿಸಿ. ಗೋಡೆಯ ಬುಡದಲ್ಲಿ 6-8 ಮಿ.ಮೀ. ಜಾಗ ಖಾಲಿ ಇರಲಿ. ಸ್ಕರ್ಟಿಂಗ್ ಅದನ್ನು ಮುಚ್ಚುತ್ತದೆ, ಸಿಮೆಂಟ್ ತುಂಬಲು ಬಿಡಬೇಡಿ.

ಕೆಲಸ ಮುಗಿದು ಸಿಮೆಂಟ್ ಗಟ್ಟಿಯಾದ ಮೇಲೆ ಒಂದು ನಾಣ್ಯ ಹಿಡಿದು ಒಂದೊಂದೇ ಟೈಲ್ಸ್ ತಟ್ಟುತ್ತಾ ಹೋಗಿ. ಪೊಳ್ಳು ಸದ್ದು ಬಂದದ್ದನ್ನು ಗುರುತು ಮಾಡಿ, ಪೂರ್ತಿ ಹಣ ಕೊಡುವ ಮೊದಲೇ ಮೇಸ್ತ್ರಿಗೆ ತೋರಿಸಿ ತೆಗೆಸಿ ಹಾಕಿಸಿ.